ಕಾರ್ಖಾನೆಯ ಕತ್ತಲೆಯೂ ಕಾಪಿನ ದೀಪವೂ

ದೀಪದ ಕೆಳಗೆ ಕತ್ತಲೆ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಆದರೆ ಕೆಲವು ಸ್ಥಳಗಳಲ್ಲಿ ಕತ್ತಲೆಗಿಂತ ದೀಪವೇ ಹೆಚ್ಚು ಅಪಾಯಕರವೆಂಬುದನ್ನು ಬಲ್ಲವರು ವಿರಳ. ನಮ್ಮ ಚಳ್ಳಕೆರೆಯನ್ನು ನಾಡು ಎಣ್ಣೆಯ ನಗರವೆಂದು ಕರೆಯಿತು. ಮೊಳಕಾಲ್ಮೂರನ್ನು ರೇಷ್ಮೆ ಸೀರೆಯ ಊರೆಂದು ಕರೆಯಿತು. ಎಣ್ಣೆಯನ್ನೂ ಸೀರೆಯನ್ನೂ ಕೊಂಡಾಡುವ ನಾವು, ಅವುಗಳನ್ನು ಸಿದ್ಧಪಡಿಸುವ ಕೈಗಳಿಗೆ ಬೆಳಕು ಎಲ್ಲಿಂದ ಬರುತ್ತದೆ, ಆ ಬೆಳಕು ತಟಕ್ಕನೆ ಆರಿದರೆ ಅವರ ಗತಿಯೇನು ಎಂದು ವಿಚಾರಿಸಿದವರಲ್ಲ. ಕಲಾ ವಿಭಾಗದ ವಿದ್ಯಾರ್ಥಿಗೆ ಕಾರ್ಖಾನೆಯ ದೀಪದ ಗೊಡವೆಯೇಕೆ ಎಂದು ವಾಚಕರು ಕೇಳಬಹುದು. ನಮ್ಮ ತರಗತಿಗಳಲ್ಲಿ ಕುಳಿತಿರುವ ಅನೇಕರ ಶುಲ್ಕವು ಗಿರಣಿಯ ಕೂಲಿಯಿಂದಲೋ ಮಗ್ಗದ ಮಜೂರಿಯಿಂದಲೋ ಬಂದುದು ಎಂಬುದೇ ಅದಕ್ಕೆ ನನ್ನ ಉತ್ತರ.

ಗಾಣವಾಗಲಿ ಎಕ್ಸ್‌ಪೆಲ್ಲರ್ ಆಗಲಿ ಶೇಂಗಾಬೀಜದ ಎಣ್ಣೆಯನ್ನು ಪೂರ್ಣವಾಗಿ ತೆಗೆಯಲಾರದು. ಹಿಂಡಿಯಲ್ಲಿ ನೂರಕ್ಕೆ ಆರೇಳು ಪಾಲು ಎಣ್ಣೆ ಉಳಿದೇ ಉಳಿಯುತ್ತದೆ. ಅದನ್ನೂ ಬಿಡದೆ ಪಡೆಯುವುದಕ್ಕಾಗಿ ಹಿಂಡಿಯನ್ನು ಹೆಕ್ಸೇನ್ ಎಂಬ ದ್ರಾವಕದಿಂದ ತೋಯಿಸುವ ಕ್ರಮವು ಎಣ್ಣೆಯ ಉದ್ಯಮದಲ್ಲಿ ರೂಢಿಗೆ ಬಂದಿದೆ. ಈ ಹೆಕ್ಸೇನ್ ಪೆಟ್ರೋಲಿನ ಒಡಹುಟ್ಟು. ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿಯಲ್ಲಿಯೂ ಅದರ ಆವಿಗೆ ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ. ನಮ್ಮ ಸೀಮೆಯ ಬೇಸಿಗೆಯ ಮಾತನ್ನು ಹೇಳಬೇಕಾಗಿಲ್ಲ. ಗಾಳಿಯಲ್ಲಿ ನೂರಕ್ಕೆ ಒಂದು ಪಾಲಿಗಿಂತ ತುಸು ಹೆಚ್ಚು ಬೆರೆತರೆ ಸಾಕು, ಅದು ಸಿಡಿಯಲು ಸಿದ್ಧವಾಗುತ್ತದೆ. ಅದರ ಆವಿ ಗಾಳಿಗಿಂತ ಸುಮಾರು ಮೂರು ಪಟ್ಟು ಭಾರವಾದುದರಿಂದ ಮೇಲೇರಿ ಹೋಗದೆ ನೆಲದ ಮೇಲೆ ಹರಿದು, ಗುಂಡಿ ಮೋರಿಗಳಲ್ಲಿ ಮಲಗುತ್ತದೆ. 1981ರ ಫೆಬ್ರವರಿ 13ರಂದು ಅಮೆರಿಕದ ಲೂಯಿವಿಲ್ ನಗರದಲ್ಲಿ ಸೋಯಾ ಎಣ್ಣೆಯ ಕಾರ್ಖಾನೆಯೊಂದರಿಂದ ಸೋರಿದ ಹೆಕ್ಸೇನ್ ಊರಿನ ಒಳಚರಂಡಿಯನ್ನು ಸೇರಿತ್ತು. ಬೀದಿಯಲ್ಲಿ ಹಾದುಹೋದ ಒಂದು ಮೋಟಾರು ಕಾರಿನ ಕಿಡಿಯಿಂದ ಅದು ಹೊತ್ತಿ, ಎರಡು ಮೈಲಿಗೂ ಹೆಚ್ಚು ಉದ್ದದ ಬೀದಿಗಳು ಬಿರಿದುಹೋದವು. ಬೆಳಗಿನ ಜಾವವಾದುದರಿಂದ ಜನರ ಪ್ರಾಣ ಉಳಿಯಿತು.

ಇಂಥ ಸ್ಥಳದಲ್ಲಿ ರಾತ್ರಿ ಪಾಳಿಯ ಹೊತ್ತಿಗೆ ವಿದ್ಯುತ್ತು ನಿಂತಿತೆಂದು ಭಾವಿಸೋಣ. ದೀಪವೊಂದೇ ಆರುವುದಿಲ್ಲ. ಆವಿಯನ್ನು ಹೊರದೂಡುವ ಪಂಖಗಳೂ ನಿಲ್ಲುತ್ತವೆ. ಆವಿಯನ್ನು ತಣಿಸಿ ಮತ್ತೆ ದ್ರವವಾಗಿಸುವ ನೀರಿನ ಪಂಪೂ ನಿಲ್ಲುತ್ತದೆ. ಆವಿಯು ಹೊರಬರುವ ಹೊತ್ತೂ, ಮನುಷ್ಯನು ಕತ್ತಲೆಗೆ ಹೆದರಿ ಬೆಂಕಿಕಡ್ಡಿಗೋ ಜೇಬಿನ ಮೊಬೈಲಿಗೋ ಕೈಹಾಕುವ ಹೊತ್ತೂ ಒಂದೇ! ಗೋಡೆಗೆ ತೂಗುಹಾಕಿದ ಅಗ್ಗದ ತುರ್ತು ದೀಪವಿದೆಯಲ್ಲ ಎನ್ನುವಿರಾ? ಕತ್ತಲಾದೊಡನೆ ತಾನಾಗಿ ಹೊತ್ತಿಕೊಳ್ಳುವ ಆ ದೀಪದೊಳಗಿನ ಸ್ವಿಚ್ಚಿನಲ್ಲಿಯೇ ಕಿಡಿ ಹುಟ್ಟಬಹುದು. ರಕ್ಷಣೆಗೆಂದು ಇಟ್ಟ ವಸ್ತುವೇ ಕೊಳ್ಳಿಯಾಗುವ ಪರಿ ಇದು.

ಈ ತೊಡಕು ಹೊಸದಲ್ಲ. 1812ರಲ್ಲಿ ಇಂಗ್ಲೆಂಡಿನ ಫೆಲಿಂಗ್ ಕಲ್ಲಿದ್ದಲು ಗಣಿಯಲ್ಲಿ ಆದ ಸ್ಫೋಟದಿಂದ 92 ಮಂದಿ ಗಂಡಸರೂ ಹುಡುಗರೂ ಮಡಿದರು. ಮೂರು ವರ್ಷಗಳ ತರುವಾಯ ಹಂಫ್ರಿ ಡೇವಿಯು ದೀಪದ ಜ್ವಾಲೆಯನ್ನು ಸಣ್ಣ ಕಣ್ಣಿನ ತಂತಿಬಲೆಯಿಂದ ಸುತ್ತುವರಿದನು. ಬಲೆಯು ಶಾಖವನ್ನು ಹೀರಿಕೊಳ್ಳುವುದರಿಂದ ಜ್ವಾಲೆಯು ಹೊರಗಿನ ಅನಿಲವನ್ನು ಮುಟ್ಟದು. ಇಂದಿನ ಜ್ವಾಲಾನಿರೋಧಕ ದೀಪದ ತತ್ತ್ವವೂ ಇದಕ್ಕೆ ಸಮೀಪದ್ದೇ. ಅದರ ದಪ್ಪ ಲೋಹದ ಪೆಟ್ಟಿಗೆಯೊಳಕ್ಕೆ ಆವಿ ನುಗ್ಗಿ ಅಲ್ಲಿಯೇ ಸಿಡಿದರೂ ಪೆಟ್ಟಿಗೆ ಒಡೆಯದು. ಮುಚ್ಚಳದ ಕಿರಿದಾದ ಸಂದಿನಲ್ಲಿ ಹಾದು ಬರುವಷ್ಟರಲ್ಲಿ ಉರಿಯು ತಣಿದುಹೋಗುತ್ತದೆ. ಅದರದೇ ಬ್ಯಾಟರಿಯೂ ಅಷ್ಟೇ ಭದ್ರವಾಗಿ ಒಳಗಿದ್ದರೆ, ವಿದ್ಯುತ್ತು ಹೋದಾಗಲೂ ಬಾಗಿಲು, ಮೆಟ್ಟಿಲು, ಮುಚ್ಚಬೇಕಾದ ವಾಲ್ವು ಇವು ಕಣ್ಣಿಗೆ ಕಾಣುತ್ತವೆ.

ಆದರೆ ಡೇವಿಯ ದೀಪ ಬಂದ ಮೇಲೂ ಗಣಿಗಳಲ್ಲಿ ಸಾವು ನಿಲ್ಲಲಿಲ್ಲ. ಮೊದಲು ಕಾಲಿಡಲು ಅಂಜುತ್ತಿದ್ದ ಆಳಗಳಿಗೆ, ದೀಪವಿದೆಯೆಂಬ ಧೈರ್ಯದಿಂದ, ಒಡೆಯರು ಆಳುಗಳನ್ನು ಇಳಿಸಿದರು; ತುಕ್ಕು ಹಿಡಿದ ಬಲೆಗಳು ಹಾಗೆಯೇ ಉಳಿದವು. ಇದು ನಮಗೂ ಪಾಠವೇ. ಮುಚ್ಚಳದ ಒಂದು ಬೋಲ್ಟು ಕಳೆದುಹೋದರೆ ಆ ಬೆಲೆಬಾಳುವ ದೀಪವು ಬೀದಿಯ ದೀಪಕ್ಕಿಂತ ಮೇಲಲ್ಲ. ಕೊಂಡು ತಂದ ಮಾತ್ರಕ್ಕೆ ಕಾಪು ದೊರೆಯದು; ನೋಡಿಕೊಳ್ಳುವ ಕಣ್ಣೂ ಬೇಕು.

ಶಾಸನದ ಮಾತು ಇಲ್ಲದಿಲ್ಲ. ಬೆಂಕಿ ಹಿಡಿಯುವ ಅನಿಲವೋ ಧೂಳೋ ಇರಬಹುದಾದ ತೊಟ್ಟಿ, ಕೊಳವೆ, ಗುಂಡಿಗಳೊಳಗೆ ಜ್ವಾಲಾನಿರೋಧಕವಲ್ಲದ ದೀಪವನ್ನು ಒಯ್ಯಕೂಡದೆಂದು 1948ರ ಕಾರ್ಖಾನೆಗಳ ಕಾಯಿದೆಗೆ ಸೇರಿಸಿದ 36-ಎ ಪ್ರಕರಣವು ವಿಧಿಸಿತ್ತು. ಆ ಕಾಯಿದೆಯ ಸ್ಥಾನಕ್ಕೆಂದು ಸಂಸತ್ತು 2020ರಲ್ಲಿ ಹೊಸ ಸಂಹಿತೆಯನ್ನು ಅಂಗೀಕರಿಸಿತು. ಕಾಯಿದೆಯ ಹೆಸರು ಬದಲಾದರೂ ಹೆಕ್ಸೇನಿನ ಸ್ವಭಾವ ಬದಲಾಗದು. ಶಾಸನವು ಪುಸ್ತಕದಲ್ಲಿದ್ದು ದೀಪವು ಗೋಡೆಯ ಮೇಲಿಲ್ಲದಿದ್ದರೆ ಪ್ರಯೋಜನವೇನು?

ಮಾಲೀಕರ ಪಕ್ಷವನ್ನೂ ನಾನು ಮರೆತಿಲ್ಲ. ಮಳೆ ಕೈಕೊಟ್ಟು, ಹೊರದೇಶದ ತಾಳೆಎಣ್ಣೆ ಬಂದು, ಚಳ್ಳಕೆರೆಯ ಎಷ್ಟೋ ಗಿರಣಿಗಳು ಬಾಗಿಲು ಹಾಕಿವೆ. ಉಳಿದವರಿಗೆ ಒಂದೊಂದು ರೂಪಾಯಿಯೂ ಲೆಕ್ಕವೇ. ಆದರೆ ಈ ದೀಪ ಎಲ್ಲೆಡೆಯೂ ಬೇಕಾಗಿಲ್ಲ. ಆವಿಯಿರುವ ಭಾಗಕ್ಕೆ ಮಾತ್ರ ಜ್ವಾಲಾನಿರೋಧಕ ದೀಪ ಬೇಕು. ಶೇಂಗಾ ಸುಲಿಯುವ ಯಂತ್ರದ ಬಳಿ ಧೂಳು ಒಳಹೊಗದಂತೆ ಬಿಗಿಯಾಗಿ ಮುಚ್ಚಿದ ದೀಪ ಬೇಕು. ಮೊಳಕಾಲ್ಮೂರಿನ ಮಗ್ಗದ ಮನೆಗೆ ಸಿಡಿತದ ಭಯವಿಲ್ಲ. ಅಲ್ಲಿ ನೂಲು ಹೊತ್ತಿಕೊಂಡರೆ ಹೊರಗೋಡಲು ದಾರಿ ತೋರುವ ಸಾಧಾರಣ ಬ್ಯಾಟರಿ ದೀಪವೂ, ಸಾಮಾನು ಪೇರಿಸದ ಬಾಗಿಲೂ ಇದ್ದರೆ ಸಾಕು. ಅಗತ್ಯವನ್ನು ಅರಿತು ಖರ್ಚು ಮಾಡಿದರೆ ಹೊರೆ ಹಗುರವಾಗುತ್ತದೆ. ಹಲವರು ಕೂಡಿ ಕೊಂಡರೆ ಇನ್ನೂ ಹಗುರ. ಬೆಂಕಿ ಬಿದ್ದಾಗ ಬಾವಿ ತೋಡುವ ಖರ್ಚು ಎಂದಿಗೂ ಹೆಚ್ಚಿನದೇ.

ಮಾಡಿದವರಿಗೆ ಮಾಡಿದಷ್ಟು ಸಲ್ಲಬೇಕೆಂದು ಬೋಧಿಸಿದ ತಿಪ್ಪೇರುದ್ರಸ್ವಾಮಿಯವರ ನಾಯಕನಹಟ್ಟಿ ನಮ್ಮ ತಾಲ್ಲೂಕಿನಲ್ಲಿಯೇ ಇದೆ. ಕೂಲಿಯೆಂದರೆ ವಾರದ ಕೊನೆಗೆ ಎಣಿಸಿ ಕೊಡುವ ಹಣವಷ್ಟೇ ಎಂದು ನಾನು ತಿಳಿಯಲಾರೆ. ಪಾಳಿ ಮುಗಿಸಿದವನು ಮೈಗೆ ಊನವಿಲ್ಲದೆ ಮನೆ ಸೇರುವುದೂ ಕೂಲಿಯಲ್ಲಿ ಸೇರಿದ್ದೇ. ಆದುದರಿಂದ ಕಾಪಿನ ದೀಪವನ್ನು ಮಾಲೀಕರ ಔದಾರ್ಯದ ಬಾಬಿಗೆ ಬರೆಯದೆ, ದುಡಿಯುವವನ ಬಾಕಿಯ ಬಾಬಿಗೆ ಬರೆಯಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಇನ್ನು ನಮ್ಮ ಪಾಲಿನ ಕೆಲಸ. ಇಂಥ ದೀಪಗಳ ಮೈಮೇಲೆ, ವಿದ್ಯುತ್ತು ಹರಿಯುತ್ತಿರುವಾಗ ಮುಚ್ಚಳ ತೆರೆಯಬೇಡಿ ಎಂಬ ಎಚ್ಚರಿಕೆಯು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ಅದನ್ನು ತೆರೆಯುವ ಕೈಯೋ ಕನ್ನಡ ಬಲ್ಲವನದು, ಇಲ್ಲವೆ ಅಕ್ಷರವನ್ನೇ ಅರಿಯದವನದು. ಆ ಒಂದು ವಾಕ್ಯವನ್ನು ದಪ್ಪ ಅಕ್ಷರದ ಕನ್ನಡದಲ್ಲಿ ಬರೆದು, ಓದಲಾರದವರಿಗಾಗಿ ಚಿತ್ರವನ್ನೂ ಬಿಡಿಸಿ ಗಿರಣಿಗಳಿಗೆ ಕೊಡಲು ರಸಾಯನಶಾಸ್ತ್ರದ ಪದವಿ ಬೇಕಾಗಿಲ್ಲ. ನಮ್ಮ ಕನ್ನಡ ಸಂಘವೂ ರಾಷ್ಟ್ರೀಯ ಸೇವಾ ಯೋಜನೆಯ ತಂಡವೂ ಒಂದು ರಜೆಯಲ್ಲಿ ಮುಗಿಸಬಹುದಾದ ಕಾರ್ಯವಿದು. ಅಧ್ಯಾಪಕ ವರ್ಗದವರು ನಮಗೆ ಮಾರ್ಗದರ್ಶನ ಮಾಡಲಿ. ಗಿರಣಿಯವರು ತಿಂಗಳಿಗೊಮ್ಮೆ ಯಂತ್ರಗಳೆಲ್ಲ ನಿಂತಿರುವ ರಾತ್ರಿಯಲ್ಲಿ ದೀಪಗಳನ್ನು ಆರಿಸಿ, ತುರ್ತು ದೀಪಗಳು ಹೊತ್ತುವುವೋ ಇಲ್ಲವೋ, ಆ ಬೆಳಕಿನಲ್ಲಿ ಎಲ್ಲರೂ ಬಾಗಿಲು ಮುಟ್ಟಬಲ್ಲರೋ ಇಲ್ಲವೋ ಪರೀಕ್ಷಿಸಲಿ. ಮುಂದಿನ ವರ್ಷದ ಸಂಚಿಕೆಯಲ್ಲಿ ಇದೇ ವಿಷಯವನ್ನು ಬರೆಯುವವರು ಇಷ್ಟು ಗಿರಣಿಗಳಲ್ಲಿ ಕನ್ನಡದ ಫಲಕ ತೂಗಿತೆಂದು ಲೆಕ್ಕ ಕೊಡುವಂತಾಗಲಿ.