ಫೀಸು ನಮ್ಮದು, ವಕೀಲರು ಯಾರವರು?

ನಮ್ಮ ಸಂಘದ ಸಾಲದ ಪುಸ್ತಕದಲ್ಲಿ 2022ರ ಒಂದು ಪುಟದಲ್ಲಿ 'ಮನೆ ರಿಪೇರಿಗೆ' ಎಂದು ಬರೆದಿದೆ. ಬರೆದವಳು ನಾನೇ. ಆ ಮನೆಯ ಒಂದು ಹಂಚೂ ಬದಲಾಗಲಿಲ್ಲ. ಹಣ ಹೋದದ್ದು ಮಗಳ ಅಮೆರಿಕಾ ವೀಸಾಕ್ಕೆಂದು ಬೀಗರ ಕೈಗೆ. ಅಂದು ಸಭೆಯಲ್ಲಿ ಕುಳಿತಿದ್ದ ಎಲ್ಲರಿಗೂ ಇದು ಗೊತ್ತಿತ್ತು. ವರದಕ್ಷಿಣೆಗೆ ಸಾಲ ಕೊಡುವುದಿಲ್ಲ ಎಂದು ನಿರ್ಣಯ ಬರೆದು ಸಹಿ ಹಾಕಿದ ಸಂಘ ನಮ್ಮದು. ವೀಸಾ ಖರ್ಚು ವರದಕ್ಷಿಣೆ ಅಲ್ಲವಲ್ಲ ಎಂದು ನಮಗೆ ನಾವೇ ಸಮಾಧಾನ ಹೇಳಿಕೊಂಡೆವು.

ಅಲ್ಲವೇ ಅಕ್ಕತಂಗಿಯರೇ? 1961ರ ವರದಕ್ಷಿಣೆ ನಿಷೇಧ ಕಾಯ್ದೆಗೆ 1986ರಲ್ಲಿ ಆದ ತಿದ್ದುಪಡಿಯ ಪ್ರಕಾರ ಮದುವೆಗೆ ಮೊದಲಾಗಲಿ, ಮದುವೆಯ ದಿನವಾಗಲಿ, ಆಮೇಲೆ ಯಾವಾಗಲೇ ಆಗಲಿ, ಮದುವೆಯ ಸಂಬಂಧದಲ್ಲಿ ಕೊಟ್ಟದ್ದು ವರದಕ್ಷಿಣೆಯೇ. ಬೀಗರು 'ವಕೀಲರ ಫೀಸು, ವೀಸಾ, ಟಿಕೇಟು' ಎಂದು 3 ಲಕ್ಷ ಕೇಳಿದ್ದರು. ಆ ವರ್ಷ ಅಮೆರಿಕಾದ ಕಾನ್ಸುಲೇಟಿಗೆ ಕಟ್ಟಬೇಕಿದ್ದ ವೀಸಾ ಶುಲ್ಕ 190 ಡಾಲರು, ಎಂದರೆ ಸುಮಾರು 15 ಸಾವಿರ ರೂಪಾಯಿ. ಟಿಕೇಟಿಗೆ ಒಂದು ಲಕ್ಷ ಎಂದೇ ಇಟ್ಟುಕೊಳ್ಳಿ. ಉಳಿದದ್ದು ಯಾವ ಕಾಗದಕ್ಕೆ? ಗಂಡನಿಗೆ ಎಚ್-1ಬಿ ಇದ್ದರೆ ಊರಿನಲ್ಲಿರುವ ಹೆಂಡತಿ ಎಚ್-4 ವೀಸಾದ ಅರ್ಜಿಯನ್ನು ತಾನೇ ತುಂಬಬಹುದು, ವಕೀಲರೇ ಬೇಕೆಂದಿಲ್ಲ. ಬೀಡಿ ಬ್ರಾಂಚಿನಲ್ಲಿ ಒಂದು ಕಟ್ಟು ಕಡಿಮೆ ಎಣಿಸಿದರೆ ಜಗಳಕ್ಕೆ ನಿಲ್ಲುವ ನಾವು ಈ ಲೆಕ್ಕ ಕೇಳಲಿಲ್ಲ.

ಮಂಗಳೂರಿನ ಆ ವಕೀಲರ ಕಚೇರಿಗೆ ಅಮ್ಮ, ಮಗಳ ಜೊತೆ ನಾನೂ ಹೋಗಿದ್ದೆ. ಮುಂಡಾಜೆಯಿಂದ ಬೆಳಗಿನ ಬಸ್ಸಿಗೆ ಹೊರಟಿದ್ದೆವು. ವಕೀಲರು ಮಾತಾಡಿದ್ದೆಲ್ಲ ಹುಡುಗನ ಅಪ್ಪನ ಹತ್ತಿರ. ಪೆನ್ಸಿಲಿನಲ್ಲಿ ಗುರುತು ಹಾಕಿದಲ್ಲೆಲ್ಲ ಹುಡುಗಿ ಸಹಿ ಹಾಕಿದಳು. ಎಂ.ಎಸ್ಸಿ. ಓದಿದ ಹುಡುಗಿ. ಓದೋಣವೆಂದು ಒಂದು ಕಾಗದ ಎತ್ತಿಕೊಂಡರೆ, "ಎಲ್ಲ ನಾವು ನೋಡಿಕೊಂಡಿದ್ದೇವಮ್ಮ" ಎಂದರು. ಅಲ್ಲಿ ಕೆಲಸಕ್ಕೆ ಹೋಗಬಹುದೇ ಎಂದು ಕೇಳಿದ್ದಕ್ಕೆ, "ಮೊದಲು ಹೋಗಿ ಬನ್ನಿ" ಎಂದು ನಕ್ಕರು. ಎಚ್-4ರಲ್ಲಿ ಹೋದವಳು ದುಡಿಯುವಂತಿಲ್ಲ. 2015ರಿಂದ ಕೆಲವರಿಗೆ ಅನುಮತಿ ಸಿಗುತ್ತದೆ, ಅದೂ ಗಂಡನ ಗ್ರೀನ್ ಕಾರ್ಡಿನ ಅರ್ಜಿ ಒಂದು ಹಂತ ದಾಟಿದ್ದರೆ. ಗಂಡನ ವೀಸಾ ಇರುವಷ್ಟು ದಿನ ಹೆಂಡತಿಯದು. ವಿಚ್ಛೇದನವಾದರೆ ಅದೂ ಮುಗಿಯಿತು. ಇದನ್ನು ಅವಳಿಗೆ ಹೇಳಲು ಎಷ್ಟು ಹೊತ್ತು ಬೇಕಿತ್ತು?

14 ತಿಂಗಳು ಅಲ್ಲಿದ್ದಳು. ಹೊಡೆತದ ವಿಷಯ ಫೋನಿನಲ್ಲಿ ಹೇಳುವ ಹಾಗಿರಲಿಲ್ಲ, ಅವನು ಪಕ್ಕದಲ್ಲೇ ಕುಳಿತಿರುತ್ತಿದ್ದ. ಆಮೇಲೆ ನೆಂಟರ ಮದುವೆಗೆಂದು ಕರೆದುಕೊಂಡು ಬಂದು, ಪಾಸ್‌ಪೋರ್ಟು ತನ್ನ ಬ್ಯಾಗಿನಲ್ಲಿಟ್ಟುಕೊಂಡು ಒಬ್ಬನೇ ಹಿಂದೆ ಹೋದ. ಕೆಲವು ತಿಂಗಳಲ್ಲಿ ಅಮೆರಿಕಾದ ಕೋರ್ಟಿನಿಂದ ವಿಚ್ಛೇದನದ ಕಾಗದ ಬಂತು. ಅಮ್ಮ ಮಂಗಳೂರಿನ ಆ ವಕೀಲರಿಗೇ ಫೋನು ಮಾಡಿದಳು. "ಅದು ಅವರ ಫೈಲು. ನಮ್ಮ ಕಕ್ಷಿದಾರರು ಅವರು" ಎಂಬ ಉತ್ತರ ಬಂತು. "ದುಡ್ಡು ನಮ್ಮದಲ್ಲವಾ ಸ್ವಾಮಿ?" ಎಂದಳು. ಅವರು ಫೋನು ಇಟ್ಟರು.

ಅವರು ಹೇಳಿದ್ದು ಸುಳ್ಳಲ್ಲ. ಅದನ್ನು ಮೊದಲ ದಿನವೇ ಹುಡುಗಿಯ ಮುಖ ನೋಡಿ ಹೇಳಬೇಕಿತ್ತು ಎಂಬುದು ನನ್ನ ತಕರಾರು. ಎಚ್-1ಬಿ ಅರ್ಜಿ ಹಾಕುವುದು ಕಂಪೆನಿ, ಹಾಗಾಗಿ ಅಲ್ಲಿನ ವಕೀಲರು ಕಂಪೆನಿಯವರು. ಇಲ್ಲಿನ ವಕೀಲರು ಮಾವನವರು. ಸಹಿ ಹಾಕಿದವಳಿಗೆ ಯಾರೂ ಇಲ್ಲ. ಎಲ್ಲ ವಕೀಲರೂ ಹೀಗೆ ಎನ್ನುತ್ತಿಲ್ಲ. ಅವಳ ಪರವಾಗಿ ನಿಲ್ಲುವ ಒಬ್ಬರಿದ್ದಿದ್ದರೆ ಏನೇನು ಹೇಳಬಹುದಿತ್ತು ಎಂಬುದು ನನಗೆ ಈ ಎರಡು ವರ್ಷ ಕೋರ್ಟು ಅಲೆದ ಮೇಲೆ ತಿಳಿಯಿತು. ಗಂಡ ಅಮೆರಿಕಾದ ಪ್ರಜೆಯೋ ಗ್ರೀನ್ ಕಾರ್ಡಿನವನೋ ಆಗಿದ್ದರೆ, ಅಲ್ಲಿನ 1994ರ ಕಾನೂನಿನ ಪ್ರಕಾರ ಹಿಂಸೆಗೊಳಗಾದ ಹೆಂಡತಿ ಅವನಿಗೆ ತಿಳಿಯದಂತೆ ತಾನೇ ಅರ್ಜಿ ಹಾಕಬಹುದು. ಎಚ್-4ರವಳಿಗೆ ಆ ಬಾಗಿಲು ಇಲ್ಲ. ಪೊಲೀಸರಿಗೆ ದೂರು ಕೊಟ್ಟು ತನಿಖೆಗೆ ಸಹಕರಿಸಿದವಳಿಗೆ 2000ದಲ್ಲಿ ಬಂದ ಯು ವೀಸಾ ಎಂಬುದಿದೆ, ಅದಕ್ಕೂ ವರ್ಷಗಟ್ಟಲೆ ಕಾಯಬೇಕು. ನ್ಯೂಜೆರ್ಸಿಯಲ್ಲಿ 1985ರಿಂದ 'ಮಾನವಿ', ನ್ಯೂಯಾರ್ಕಿನಲ್ಲಿ 1989ರಿಂದ 'ಸಖಿ' ಎಂಬ ಸಂಘಟನೆಗಳಿವೆ. ನಮ್ಮ ಕಡೆಯ ಹೆಂಗಸರೇ ಕಟ್ಟಿದವು. ವಿಮಾನ ಹತ್ತುವ ಹುಡುಗಿಯ ಕೈಯಲ್ಲಿ ಉಪ್ಪಿನಕಾಯಿಯ ಜೊತೆ ಅವರ ನಂಬರು ಇರಬೇಕಿತ್ತು.

ಊರಿಗೆ ಬಂದ ಮೇಲೂ ದಾರಿ ಇದೆ. ವಿದೇಶಿ ಕೋರ್ಟಿನ ಕಾಗದ ಬಂದಾಗ ಹೆದರಿ ಏನಾದರೊಂದು ಉತ್ತರ ಬರೆದು ಕಳಿಸಬೇಡಿ. ಆ ಕೋರ್ಟಿನ ಅಧಿಕಾರವನ್ನು ಒಪ್ಪಿಕೊಂಡಂತೆ ಆದೀತು. ಹೆಂಡತಿ ಸ್ವಇಚ್ಛೆಯಿಂದ ಒಪ್ಪಿ ಹಾಜರಾಗದೆ, ನಮ್ಮ ವಿವಾಹ ಕಾಯ್ದೆಯಲ್ಲಿಲ್ಲದ ಕಾರಣಕ್ಕೆ ಕೊಟ್ಟ ವಿಚ್ಛೇದನ ಇಲ್ಲಿ ನಡೆಯುವುದಿಲ್ಲ ಎಂದು ಸುಪ್ರೀಂ ಕೋರ್ಟು 1991ರಲ್ಲೇ ವೈ. ನರಸಿಂಹ ರಾವ್ ಪ್ರಕರಣದಲ್ಲಿ ಹೇಳಿದೆ. ಗಂಡನ ಮನೆಯ ಹಿಂಸೆಯ ದೂರನ್ನು ಅವಳು ಆಶ್ರಯ ಪಡೆದ ತವರಿನಲ್ಲೇ ಕೊಡಬಹುದು ಎಂದು 2019ರಲ್ಲಿ ರೂಪಾಲಿ ದೇವಿ ಪ್ರಕರಣದಲ್ಲಿ ಹೇಳಿದೆ. ಪಾಸ್‌ಪೋರ್ಟು ಭಾರತ ಸರಕಾರದ ಸೊತ್ತು; 1967ರ ಕಾಯ್ದೆಯಲ್ಲೇ ಹಾಗಿದೆ, ಗಂಡನ ಬ್ಯಾಗಿನದ್ದಲ್ಲ. ಇನ್ನು ವಕೀಲರ ಫೀಸು. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಂಗಸಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗಬೇಕು. ಬೆಳ್ತಂಗಡಿ ಕೋರ್ಟಿನಲ್ಲಿಯೇ ಅದರ ತಾಲೂಕು ಸಮಿತಿ ಇದೆ. ಮಂಗಳೂರಿಗೆ ಹಣ ಹೊತ್ತುಕೊಂಡು ಹೋದ ನಾವು ದಾರಿಯಲ್ಲಿ ಅದರ ಮುಂದೆಯೇ ಹಾದು ಹೋಗಿದ್ದೆವು.

ಕಳೆದ ವಾರದ ಸಭೆಯಲ್ಲಿ ನಾನು ಎರಡು ಮಾತು ಇಟ್ಟೆ. ಪುಸ್ತಕದ ಆ ಸಾಲನ್ನು ಹೊಡೆದು ಹಾಕಿ 'ವರದಕ್ಷಿಣೆಗೆ' ಎಂದು ಬರೆಯಬೇಕು. ಮುಂದೆ ವೀಸಾ ಖರ್ಚೆಂದು ಯಾರೇ ಸಾಲ ಕೇಳಲಿ, ವಕೀಲರು ಹುಡುಗಿಯ ಹೆಸರಿಗೆ ರಶೀದಿ ಕೊಟ್ಟು, ಅವಳು ಸಹಿ ಹಾಕಿದ ಪ್ರತಿ ಕಾಗದದ ನಕಲನ್ನೂ ಅವಳ ಕೈಗೆ ಕೊಡದಿದ್ದರೆ ಸಂಘದ ಹಣ ಹೋಗಬಾರದು. "ಇಷ್ಟೆಲ್ಲ ಕೇಳಿದರೆ ಹುಡುಗ ಸಿಗುತ್ತಾನಾ ಅಕ್ಕಾ?" ಎಂದರು ಇಬ್ಬರು. ರಶೀದಿ ಕೇಳಿದ್ದಕ್ಕೆ ಎದ್ದು ಹೋಗುವವನು ಈಗಲೇ ಹೋಗಲಿ ಎಂದೆ. ಮೊದಲನೆಯದಕ್ಕೆ ಎಲ್ಲರೂ ಒಪ್ಪಿದರು, ಆ ಅಮ್ಮನೂ ಒಪ್ಪಿದಳು. ಎರಡನೆಯದು ಬರುವ ಸಭೆಗೆ ಉಳಿದಿದೆ.