ಹಿತ್ತಿಲ ಸೂರ್ಯಕಾಂತಿ ಮನೆಯವರ ಬಾಯಿಗೇ ಇರಲಿ



ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಮನೆಯಿಂದ ಹೊರಗೆ ಹೋಗುವುದಕ್ಕೆಲ್ಲ ಅಳತೆ ಇದೆ. ಹಾಲಿಗೆ ಲೀಟರು, ಫ್ಯಾಟು, ಎಸ್‌ಎನ್‌ಎಫ್. ಕೊಬ್ಬರಿಗೆ ಕ್ವಿಂಟಾಲು, ಮಾರುಕಟ್ಟೆಯ ದರ. ಆದರೆ ಮನೆಯಲ್ಲೇ ಉಳಿದು ಮನೆಯವರ ಹೊಟ್ಟೆ ಸೇರುವುದು ಎಷ್ಟು ಎಂದು ಯಾರೂ ಕೇಳುವುದಿಲ್ಲ. ಹಿತ್ತಿಲಿನಲ್ಲಿ ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಜಾಗ ಮಾಡಿ ಸೂರ್ಯಕಾಂತಿ ಹಾಕಿ, ಬೀಜವನ್ನು ಮಾರದೆ ನೀವೇ ತಿನ್ನಿ ಎಂಬುದು ನನ್ನ ಮಾತು.

ಇದು ನಮಗೆ ಹೊಸ ಪದ್ಧತಿಯೇನಲ್ಲ. ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಬಿಡುತ್ತಿದ್ದುದು ನಿಮಗೆ ಗೊತ್ತು. ಅವರೆ, ಅಲಸಂದೆ, ಹುಚ್ಚೆಳ್ಳು, ಹರಳು ಎಲ್ಲ ಆ ಸಾಲಿನಲ್ಲೇ. ರಾಗಿ ಕಣಜಕ್ಕೆ ಹೋದರೆ ಅಕ್ಕಡಿ ಕಾಳು ಅಡುಗೆಮನೆಯ ಮಡಕೆಗೆ ಬರುತ್ತಿತ್ತು. ಅದರ ಯಜಮಾನಿಕೆ ಹೆಂಗಸರದು. ಹೊಲ ತೆಂಗಿನ ತೋಟವಾದ ಕಡೆಯೆಲ್ಲ ಅಕ್ಕಡಿಯೂ ಹೋಯಿತು. ತೋಟ ದುಡ್ಡು ತಂದಿತು, ನಿಜ. ಆದರೆ ಕಾಳಿಗೆ, ಚಟ್ನಿಪುಡಿಯ ಹುಚ್ಚೆಳ್ಳಿಗೆ ಅಂಗಡಿಗೆ ಹೋಗುವಂತಾಯಿತು. ಹುಚ್ಚೆಳ್ಳು ಮತ್ತು ಸೂರ್ಯಕಾಂತಿ ಒಂದೇ ಸಸ್ಯಕುಟುಂಬಕ್ಕೆ ಸೇರಿದವು. ಹೋದ ಅಕ್ಕಡಿಯನ್ನು ಹಿತ್ತಿಲಿಗೆ ಕರೆತರಲು ಇದು ಸುಲಭದ ದಾರಿ.

ಸೂರ್ಯಕಾಂತಿ ಎಂದರೆ ನಮಗೆ ಎಣ್ಣೆಯೇ ನೆನಪಾಗುತ್ತದೆ. 1969ರಲ್ಲಿ ರಷ್ಯಾದ ತಳಿಗಳು ಈ ದೇಶಕ್ಕೆ ಬಂದದ್ದೇ ಎಣ್ಣೆಗಾಗಿ. 1980ರಲ್ಲಿ ದೇಶದ ಮೊದಲ ಸೂರ್ಯಕಾಂತಿ ಹೈಬ್ರಿಡ್ ಬಿಎಸ್‌ಎಚ್-1 ಬಂದದ್ದು ನಮ್ಮ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದಿಂದ. ಇಷ್ಟಾದರೂ ಈ ಎಣ್ಣೆಯ ಬಹುಪಾಲು ಹೊರದೇಶದಿಂದಲೇ ಬರುತ್ತದೆ. 2022ರಲ್ಲಿ ಉಕ್ರೇನಿನಲ್ಲಿ ಯುದ್ಧ ಶುರುವಾದಾಗ ನಮ್ಮೂರ ಅಂಗಡಿಯಲ್ಲಿ ಎಣ್ಣೆ ದರ ಏರಿದ್ದು ನೆನಪಿರಬೇಕು. ಹಾಗೆಂದು ಹಿತ್ತಿಲ ಬೆಳೆಯಿಂದ ಎಣ್ಣೆ ಖರ್ಚು ಉಳಿಸಬಹುದು ಎಂದುಕೊಳ್ಳಬೇಡಿ. ಲೆಕ್ಕ ಹಾಕಿ ನೋಡಿ. ಸಾಲಿಗೆ ಎರಡು ಅಡಿ, ಗಿಡಕ್ಕೆ ಒಂದು ಅಡಿ ಅಂತರವಾದರೆ ನೂರು ಚದರ ಅಡಿಗೆ 50 ಗಿಡ. ಗಿಡಕ್ಕೆ 25-30 ಗ್ರಾಂ ಬೀಜವೆಂದರೆ ಸುಮಾರು ಒಂದೂವರೆ ಕಿಲೋ. ಗಾಣಕ್ಕೆ ಹಾಕಿದರೆ ಅರ್ಧ ಲೀಟರ್ ಎಣ್ಣೆ ಬಂದರೆ ಹೆಚ್ಚು. ಅದನ್ನೇ ಸಿಪ್ಪೆ ತೆಗೆದು ತಿಂದರೆ ಸುಮಾರು ಒಂದು ಕಿಲೋ ತಿರುಳು. ನೂರು ಗ್ರಾಂ ತಿರುಳಿನಲ್ಲಿ 20 ಗ್ರಾಂನಷ್ಟು ಪ್ರೋಟೀನ್ ಇದೆ, ಇ ಜೀವಸತ್ವವೂ ಧಾರಾಳ.

ಇದು ಯಾರಿಗೆ ಬೇಕು? ಬೆಳಿಗ್ಗೆ ಐದಕ್ಕೆ ಎದ್ದು ಹಾಲು ಕರೆದು, ಕ್ಯಾನು ಹೊತ್ತು, ಎಲ್ಲರ ಊಟವಾದ ಮೇಲೆ ತಟ್ಟೆ ಹಿಡಿಯುವವರಿಗೆ. ಇದ್ದ ಹಾಲನ್ನೆಲ್ಲ ಡೇರಿಗೆ ಹಾಕಿ ಟೀಗೆ ಮಾತ್ರ ಉಳಿಸಿಕೊಳ್ಳುವ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ. ಸೂರ್ಯಕಾಂತಿ ಬೀಜ ಹಾಲಿಗೆ ಬದಲಿಯಲ್ಲ, ಮಕ್ಕಳಿಗೂ ನಿಮಗೂ ಹಾಲು ಉಳಿಸಿಕೊಳ್ಳಲೇಬೇಕು. ಅದರ ಜೊತೆಗೆ ದಿನಕ್ಕೆ ಎರಡು ಚಮಚ ತಿರುಳು ನಿಮ್ಮ ಪಾಲಿಗೂ ಬರಲಿ.

ಬೆಳೆಯುವಾಗ ಕೆಲವು ವಿಷಯ ಗಮನದಲ್ಲಿರಲಿ. ತೆಂಗಿನ ನೆರಳಿನಲ್ಲಿ ಇದು ಬರುವುದಿಲ್ಲ. ಎಳೆ ಸಸಿಗಳ ನಡುವೆ, ತಿಪ್ಪೆಯ ಪಕ್ಕ, ಬಚ್ಚಲ ನೀರು ಹರಿಯುವ ಬಯಲಲ್ಲಿ ಹಾಕಿ. ಇದಕ್ಕೆ ಇಂಥದೇ ಕಾಲ ಎಂದಿಲ್ಲ, ಹೂ ಬಿಡುವಾಗ ಜಡಿಮಳೆ ಇರದಂತೆ ನೋಡಿಕೊಂಡರೆ ಸಾಕು. ಹೈಬ್ರಿಡ್ ಬೀಜದಿಂದ ಬಂದ ಕಾಳನ್ನು ಮತ್ತೆ ಬಿತ್ತಿದರೆ ಗಿಡಗಳು ಏಕರೂಪವಾಗಿ ಬರುವುದಿಲ್ಲ. ಮಾರ್ಡನ್ ಎಂಬ ಗಿಡ್ಡ ತಳಿ ಸುಮಾರು 80 ದಿನಕ್ಕೆ ಬರುತ್ತದೆ, ಬೀಜ ಉಳಿಸಿಕೊಳ್ಳಬಹುದು. ತಿನ್ನಲೆಂದೇ ಇರುವ ದಪ್ಪ ಪಟ್ಟೆ ಬೀಜ ಸಿಕ್ಕರೆ ಸಿಪ್ಪೆ ತೆಗೆಯುವುದು ಸುಲಭ.

ಒಂದು ಎಚ್ಚರಿಕೆ. ಬಣ್ಣ ಹಚ್ಚಿದ ಬಿತ್ತನೆ ಬೀಜದ ಮೇಲಿರುವುದು ಔಷಧಿ. ಬಿತ್ತಿ ಉಳಿದದ್ದನ್ನು ತಿನ್ನಬೇಡಿ, ಕೋಳಿಗೂ ಹಸುವಿಗೂ ಹಾಕಬೇಡಿ, ಮಕ್ಕಳ ಕೈಗೆ ಸಿಗದಂತೆ ಇಡಿ.

ಸುತ್ತಮುತ್ತಲಿನ ಪಾರ್ಥೇನಿಯಂ ಕಿತ್ತುಹಾಕಿ. ಸೂರ್ಯಕಾಂತಿಗೆ ನೆಕ್ರೋಸಿಸ್ ರೋಗ ತರುವ ವೈರಸ್ ಆ ಕಳೆಯಲ್ಲಿ ಉಳಿದಿರುತ್ತದೆ, ನುಸಿಯಷ್ಟು ಸಣ್ಣ ಥ್ರಿಪ್ಸ್ ಕೀಟಗಳು ಅದನ್ನು ಗಿಡದಿಂದ ಗಿಡಕ್ಕೆ ಹರಡುತ್ತವೆ. ಹೂ ಬಿಟ್ಟಾಗ ಕೀಟನಾಶಕ ಹೊಡೆಯಬೇಡಿ, ಕಾಳು ಕಟ್ಟಲು ಜೇನು ಬೇಕು. ಜೇನು ಕಡಿಮೆ ಕಂಡರೆ ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರೊಳಗೆ ಮೆತ್ತನೆಯ ಬಟ್ಟೆಯಿಂದ ಒಂದೊಂದೇ ಹೂವನ್ನು ಮೆಲ್ಲಗೆ ಸವರಿ.

"ಗಿಳಿ ಬಿಟ್ಟರಲ್ಲವೇ ನಮಗೆ?" ಎಂದು ಕೇಳುವಿರಿ. ಆ ಮಾತು ನಿಜ. ಐದು ಎಕರೆಯಲ್ಲಿ ಗಿಳಿ ಕಾಯುವುದು ಕಷ್ಟ, ಐವತ್ತು ಹೂವಿಗೆ ಹಳೆ ಸೀರೆಯ ತುಂಡು ಕಟ್ಟುವುದು ಒಂದು ಸಂಜೆಯ ಕೆಲಸ. ಕಾಳು ಕಟ್ಟತೊಡಗಿದ ಮೇಲೆ ಕಟ್ಟಿ. ಹೂವಿನ ಹಿಂಬದಿ ನಿಂಬೆಹಳದಿಯಾದಾಗ ಕೊಯ್ದು ಒಣಗಿಸಿ ಬಡಿಯಿರಿ. ಒರಳಿನಲ್ಲಿ ಹಗುರವಾಗಿ ಕುಟ್ಟಿ ಮೊರದಲ್ಲಿ ಕೇರಿದರೆ ತಿರುಳು ಸಿಗುತ್ತದೆ. ಹುರಿದು ತಿನ್ನಿ, ಹುಚ್ಚೆಳ್ಳಿನಂತೆಯೇ ಚಟ್ನಿಪುಡಿ ಮಾಡಿ. ಬೂಸರು ಹಿಡಿಯದ ಒಣ ತಟ್ಟೆಗಳನ್ನು ಕತ್ತರಿಸಿ ಮೇವಿನ ಜೊತೆ ಹಸುವಿಗೂ ಸ್ವಲ್ಪ ಕೊಡಬಹುದು.

ಬೆಳೆ ಚೆನ್ನಾಗಿ ಬಂದರೆ "ಇದನ್ನೂ ಮಾರಬಹುದಲ್ಲ" ಎನ್ನುವ ಮಾತು ಮನೆಯಲ್ಲಿ ಬಂದೇ ಬರುತ್ತದೆ. ಒಂದೂವರೆ ಕಿಲೋ ಬೀಜಕ್ಕೆ ಸಿಗುವ ದುಡ್ಡು ಒಂದು ಸಂತೆಯ ಖರ್ಚಿಗೂ ಸಾಲದು. ಒಪ್ಪಬೇಡಿ. ಮೇವಿನ ಬೀಜ ಹಂಚುವ ನಮ್ಮ ಸಂಘಗಳು ಔಷಧಿ ಹಚ್ಚದ ಸೂರ್ಯಕಾಂತಿ ಬೀಜದ ಒಂದೊಂದು ಪೊಟ್ಟಣವನ್ನೂ ಸದಸ್ಯೆಯರಿಗೆ ಕೊಡಲಿ. ಹಸುವಿನ ಆಹಾರದ ಬಗ್ಗೆ ಇಷ್ಟು ಮಾತಾಡುವ ನಾವು ಹಸು ಸಾಕುವವಳ ಆಹಾರದ ಬಗ್ಗೆಯೂ ಮಾತಾಡಬೇಕು. ಮುಂದಿನ ಸಭೆಯಲ್ಲಿ ಈ ವಿಷಯ ನೀವೇ ಎತ್ತಿ.