ಮಾತ್ರೆ ಪುಕ್ಕಟೆ; ಬೇಳೆಗೆ ಏನು ಮಾಡೋಣ?



ಎಚ್‌ಐವಿ ಇರುವವರು ರೋಗನಿರೋಧಕ ಶಕ್ತಿ ಹೆಚ್ಚಿಸಿಕೊಳ್ಳಬೇಕು ಎಂಬ ಉಪದೇಶ ಪ್ರತಿ ಡಿಸೆಂಬರ್ 1ರ ವಿಶ್ವ ಏಡ್ಸ್ ದಿನಕ್ಕೆ ತಪ್ಪದೆ ಕಿವಿಗೆ ಬೀಳುತ್ತದೆ. ನಾನು ಬ್ಲೌಸ್ ಹೊಲಿದು ಬದುಕುವವಳು, ಹನ್ನೊಂದು ವರ್ಷದಿಂದ ಎಚ್‌ಐವಿ ಹತ್ತಿಕ್ಕುವ ಎಆರ್‌ಟಿ ಮಾತ್ರೆ ನುಂಗುತ್ತಿದ್ದೇನೆ. ಮಾತ್ರೆಗೆ ಹೋದಾಗಲೆಲ್ಲ ಕೌನ್ಸೆಲರ್ ಅಕ್ಕರೆಯಿಂದಲೇ ಹೇಳುತ್ತಾರೆ: ಮೊಟ್ಟೆ ತಿನ್ನಿ, ಕಾಳು ತಿನ್ನಿ, ಸೊಪ್ಪು ಬಿಡಬೇಡಿ. ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಅವಕ್ಕೆಲ್ಲ ಏನು ಬೆಲೆ ಎಂಬುದು ಅವರಿಗೂ ಗೊತ್ತು, ನನಗೂ ಗೊತ್ತು. ಆ ಮಾತನ್ನು ಇಬ್ಬರೂ ಎತ್ತುವುದಿಲ್ಲ.

ಮಾತ್ರೆಯ ಬಗ್ಗೆ ನನಗೆ ದೂರಿಲ್ಲ. 2004ರ ಏಪ್ರಿಲ್‌ನಿಂದ ಸರ್ಕಾರ ಅದನ್ನು ಉಚಿತವಾಗಿ ಕೊಡುತ್ತಿರುವುದರಿಂದಲೇ ಈ ಪತ್ರ ಬರೆಯಲು ನಾನು ಉಳಿದಿದ್ದೇನೆ. ವೈರಸ್ಸನ್ನು ಅಡಗಿಸುವುದು ಮಾತ್ರೆಯೇ ಹೊರತು ಮೊಳಕೆಕಾಳಲ್ಲ. ‘ಇಮ್ಯುನಿಟಿ’ ಪುಡಿ ಮಾರುವವರ ಮೇಲೆ ನನಗೆ ಸಿಟ್ಟಿರುವುದು ಅದಕ್ಕೇ. (ಖಾಲಿ ಹೊಟ್ಟೆಯಲ್ಲಿ ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳ ಜೊತೆ ನುಂಗಿದರೆ ನಮ್ಮ ಎಆರ್‌ಟಿ ಮಾತ್ರೆಯಲ್ಲಿರುವ ಡೊಲುಟೆಗ್ರಾವಿರ್ ಮೈಗೆ ಸರಿಯಾಗಿ ಹತ್ತುವುದಿಲ್ಲ. ಅದನ್ನು ಅವರು ಹೇಳುವುದೂ ಇಲ್ಲ.) ಆದರೆ ಮೈಯೂ ಊಟ ಕೇಳುತ್ತದಲ್ಲ! ರೋಗಲಕ್ಷಣವಿಲ್ಲದ ಸೋಂಕಿತರಿಗೂ ಶೇ 10ರಷ್ಟು ಹೆಚ್ಚು ಕ್ಯಾಲೊರಿ ಬೇಕು, ಕಾಯಿಲೆ ಬಿದ್ದರೆ ಶೇ 20ರಿಂದ 30ರಷ್ಟು ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ.

ನಮ್ಮನ್ನು ಹೆಚ್ಚು ಕಾಡುವುದು ಕ್ಷಯ. ಅದು ಬಂದವರಿಗೆ ನಿಕ್ಷಯ್ ಪೋಷಣ್ ಯೋಜನೆಯಲ್ಲಿ 2018ರಿಂದ ತಿಂಗಳಿಗೆ 500 ರೂಪಾಯಿ, 2024ರ ನವೆಂಬರ್‌ನಿಂದ 1,000 ರೂಪಾಯಿ ಸಿಗುತ್ತಿದೆ. ಎಚ್‌ಐವಿ ಒಂದೇ ಇರುವ ನನ್ನ ಖಾತೆಗೆ ಬಿಡಿಗಾಸೂ ಬರುವುದಿಲ್ಲ. ಮೊದಲು ಕ್ಷಯ ಹಿಡಿಸಿಕೊಂಡು ಬಾ, ಊಟದ ಮಾತು ಆಮೇಲೆ ಎಂದಂತಾಯಿತು. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಅವರ ತಂಡ ಜಾರ್ಖಂಡ್‌ನಲ್ಲಿ ಕ್ಷಯರೋಗಿಗಳ ಮನೆಮಂದಿಗೆ ತಲೆಗೆ ತಿಂಗಳಿಗೆ 5 ಕೆ.ಜಿ. ಅಕ್ಕಿ, ಒಂದೂವರೆ ಕೆ.ಜಿ. ಬೇಳೆ, ಜೊತೆಗೆ ವಿಟಮಿನ್ ಮಾತ್ರೆ ಕೊಟ್ಟು ನೋಡಿತು. ಅವರಲ್ಲಿ ಕ್ಷಯ ಕಾಣಿಸಿಕೊಳ್ಳುವುದು ಶೇ 39ರಷ್ಟು ತಗ್ಗಿತೆಂದು 2023ರಲ್ಲಿ ಪ್ರಕಟಿಸಿತು. ಅದು ಎಚ್‌ಐವಿ ಅಧ್ಯಯನವಲ್ಲ, ಒಪ್ಪಿದೆ. ಆದರೆ ಕ್ಷಯಕ್ಕೆ ನಮಗಿಂತ ಸುಲಭದ ತುತ್ತು ಯಾರು?

ಅಕ್ಕಿಗೆ ಅನ್ನಭಾಗ್ಯವಿದೆ. ನಾವು ಕೇಳುವುದು ಬೇಳೆ, ಕಡಲೆಕಾಯಿ, ಮೊಟ್ಟೆ. ನಮ್ಮೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟಿಗೆ ಕಡಲೆಹಿಟ್ಟು ಬೆರೆಸಿ ‘ಮಲ್ಟಿಪರ್ಪಸ್ ಫುಡ್’ ತಯಾರಿಸಿದ್ದು 1950ರ ದಶಕದಲ್ಲಿ. ಅಂಥದೊಂದು ಪೊಟ್ಟಣ ಅದೇ ಊರಿನ ಎಆರ್‌ಟಿ ಸೆಂಟರಿನ ಮಾತ್ರೆ ಕಿಟಕಿಗೆ ಬರಲು ಇನ್ನೆಷ್ಟು ವರ್ಷ ಬೇಕು?

ಕೊಡುವುದಾದರೆ ಮಾತ್ರೆಯ ಜೊತೆಗೇ, ಸದ್ದಿಲ್ಲದೆ ಕೊಡಿ. 2017ರ ಎಚ್‌ಐವಿ ಕಾಯ್ದೆ ನಮ್ಮ ಗುಟ್ಟು ಕಾಯಬೇಕೆನ್ನುತ್ತದೆ. ಹಿಂದೊಮ್ಮೆ ಯಾರೋ ದಾನಿಗಳು ಕೊಟ್ಟ ದಿನಸಿ ಚೀಲದ ಮೇಲೆ ದೊಡ್ಡದಾಗಿ ಏಡ್ಸ್ ಗುರುತಿನ ಕೆಂಪು ರಿಬ್ಬನ್ ಅಚ್ಚಾಗಿತ್ತು. ಬಸ್ಸು ಹತ್ತುವ ಮೊದಲು ಸಾಮಾನೆಲ್ಲ ಕಟ್ಟೆಯ ಮೇಲೆ ಸುರಿದು, ಚೀಲವನ್ನು ಒಳಮಗ್ಗುಲಿಗೆ ತಿರುವಿ, ಮತ್ತೆ ತುಂಬಿಕೊಂಡು ಮನೆಗೆ ಬಂದೆ.

– ಹೆಸರು ಹಾಕಬೇಡಿ, ಮೈಸೂರು